ಗ್ರಾಮ ಸಭೆಯ ನೇರ ಪ್ರಸಾರ: ಹಲವು ಕ್ಯಾಮೆರಾಗಳ ವ್ಯವಸ್ಥೆಯಲ್ಲಿ ಯಂತ್ರದ ಮಿತಿಯನ್ನು ಪತ್ತೆ ಹಚ್ಚುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಸಾರ್ವಜನಿಕ ಕಲಾಪಗಳನ್ನು ಜನರು ಕುಳಿತಲ್ಲಿಂದಲೇ ನೋಡುವ ಪದ್ಧತಿ ಈಗ ಹೊಸದಾಗಿ ಉಳಿದಿಲ್ಲ. ನ್ಯಾಯಾಲಯದ ಕಲಾಪಗಳನ್ನು ನೇರ ಪ್ರಸಾರ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತನ್ನ ಕಲಾಪವನ್ನು ಪ್ರಸಾರ ಮಾಡಿತು. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ವಿಚಾರಣೆಗಳು 2022ರ ಸೆಪ್ಟೆಂಬರ್‌ನಿಂದ ಯಾರಿಗಾದರೂ ನೋಡಲು ದೊರೆಯುತ್ತಿವೆ. ಅಷ್ಟು ದೊಡ್ಡ ಪೀಠಗಳೇ ಬಾಗಿಲು ತೆರೆದಿರುವಾಗ, ಊರಿನ ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮ ಸಭೆಯು ಮುಚ್ಚಿದ ಕೋಣೆಯಂತೆ ನಡೆಯುವುದು ಶೋಭಿಸುವುದಿಲ್ಲ. ದುಡಿಮೆಗಾಗಿ ಬೆಂಗಳೂರಿಗೋ ಗೋವಾಕ್ಕೋ ಹೋಗಿರುವ ಮತದಾರನೂ ಗ್ರಾಮ ಸಭೆಯ ಸದಸ್ಯನೇ. ಅವನ ಕೈಯಲ್ಲಿರುವ ಮೊಬೈಲಿಗೆ ಸಭೆಯನ್ನು ತಲುಪಿಸುವ ಕಾರ್ಯವನ್ನು ಅನೇಕ ಪಂಚಾಯಿತಿಗಳು ಸ್ವಂತ ಆಸಕ್ತಿಯಿಂದ ಕೈಗೊಳ್ಳುತ್ತಿವೆ.

ಒಂದೇ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪ್ರಸಾರ ಮಾಡಿದಾಗ ತೊಂದರೆಗಳು ಕಡಿಮೆ. ಆದರೆ ಅದರಲ್ಲಿ ಕಾಣುವುದು ವೇದಿಕೆ ಮಾತ್ರ. ಪ್ರಶ್ನೆ ಕೇಳುವವರು ಯಾರು, ಹಿಂದಿನ ಸಾಲಿನಲ್ಲಿ ಕುಳಿತ ಮಹಿಳೆಯರು ಏನು ಹೇಳಿದರು, ಓದಲಾಗುತ್ತಿರುವ ಪಟ್ಟಿ ಯಾವುದು ಎಂಬುದು ತಿಳಿಯದು. ಆದುದರಿಂದ ಎರಡು, ಮೂರು ಕ್ಯಾಮೆರಾಗಳ ವ್ಯವಸ್ಥೆ ಬೇಕೆನಿಸುತ್ತದೆ. ಕ್ಯಾಮೆರಾಗಳು ಒಂದರಿಂದ ಮೂರಾದ ಕೂಡಲೇ ತೊಂದರೆಯೂ ಮೂರು ಪಟ್ಟಾಗುತ್ತದೆ ಎಂದುಕೊಂಡರೆ ಅದು ತಪ್ಪು. ಒಂದು ಕ್ಯಾಮೆರಾ ಇದ್ದಾಗ ಇಲ್ಲವೇ ಇಲ್ಲದಿದ್ದ ಹೊಸ ಬಗೆಯ ತೊಂದರೆಗಳು ಹುಟ್ಟಿಕೊಳ್ಳುತ್ತವೆ.

ಇದು ಕೇವಲ ಯಂತ್ರದ ವಿಷಯವಲ್ಲ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಪಟ್ಟಿಯನ್ನು ಓದುತ್ತಿರುವಾಗ ಚಿತ್ರವು ನಿಂತುಹೋದರೆ, ನೋಡುತ್ತಿರುವವರಿಗೆ ಲ್ಯಾಪ್‌ಟಾಪಿನ ಕಷ್ಟ ಕಾಣುವುದಿಲ್ಲ. ಬೇಕೆಂದೇ ನಿಲ್ಲಿಸಿದರೆಂಬ ಮಾತು ಸಂಜೆಯೊಳಗೆ ಅರಳಿಕಟ್ಟೆಯನ್ನು ತಲುಪುತ್ತದೆ. ಪಾರದರ್ಶಕತೆಗಾಗಿ ಮಾಡಿದ ವ್ಯವಸ್ಥೆಯೇ ಸಂಶಯಕ್ಕೆ ಮೂಲವಾಗುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಹೊಸ ಕ್ಯಾಮೆರಾಗಳ ಖರೀದಿಗೆ ಠರಾವು ಮಂಡನೆಯಾಗುತ್ತದೆ. ಹಣ ವೆಚ್ಚವಾಗುತ್ತದೆ, ಅದರ ನಂತರದ ಗ್ರಾಮ ಸಭೆಯಲ್ಲಿ ಚಿತ್ರವು ಮತ್ತೆ ನಿಲ್ಲುತ್ತದೆ. ಏಕೆಂದರೆ ಇಂಥ ಪ್ರಸಂಗಗಳಲ್ಲಿ ಕ್ಯಾಮೆರಾ ತಪ್ಪಿತಸ್ಥ ಆಗಿರುವುದು ಅಪರೂಪ.

ಕುಡಿಯುವ ನೀರಿನ ಯೋಜನೆಯನ್ನು ನಿರ್ವಹಿಸಿದ ಸದಸ್ಯರಿಗೆ ಈ ವಿಷಯವು ಸುಲಭವಾಗಿ ಅರ್ಥವಾಗುತ್ತದೆ. ಕೊನೆಯ ಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಕಾರಣವು ಕೊಳವೆಬಾವಿಯಲ್ಲಿರಬಹುದು, ಮೋಟಾರಿನಲ್ಲಿರಬಹುದು, ಏರು ಕೊಳವೆಯಲ್ಲಿರಬಹುದು, ಮೇಲ್ತೊಟ್ಟಿಯ ವಾಲ್ವಿನಲ್ಲಿರಬಹುದು. ಎಲ್ಲಿ ದೋಷವಿದ್ದರೂ ನಲ್ಲಿಯ ಬಳಿ ಕಾಣುವ ಲಕ್ಷಣ ಒಂದೇ: ನೀರಿಲ್ಲ. ಅನುಭವಿ ನೀರುಗಂಟಿಯು ನಲ್ಲಿಯನ್ನು ಬದಲಿಸಲು ಹೊರಡುವುದಿಲ್ಲ. ಪ್ರತಿ ಹಂತದಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತ ಬರುತ್ತಾನೆ. ನೇರ ಪ್ರಸಾರದಲ್ಲಿಯೂ ಹಾಗೆಯೇ. ಚಿತ್ರವು ಕ್ಯಾಮೆರಾದಿಂದ ಹೊರಟು, ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಬಂದು, ಅಲ್ಲಿ ಇತರ ಚಿತ್ರಗಳೊಂದಿಗೆ ಜೋಡಣೆಯಾಗಿ, ಸಂಕುಚಿತಗೊಂಡು, ಅಂತರ್ಜಾಲದ ಮೂಲಕ ಹೊರಹೋಗುತ್ತದೆ. ಈ ಹಾದಿಯಲ್ಲಿ ಅತ್ಯಂತ ಕಿರಿದಾದ ಜಾಗ ಯಾವುದೋ ಅದೇ ಇಡೀ ವ್ಯವಸ್ಥೆಯ ಸಾಮರ್ಥ್ಯ. ಅದನ್ನು ಬಿಟ್ಟು ಬೇರೆ ಜಾಗವನ್ನು ಎಷ್ಟು ಅಗಲ ಮಾಡಿದರೂ ಪ್ರಯೋಜನವಿಲ್ಲ.

ಉದಾಹರಣೆಗಾಗಿ ಒಂದು ಗ್ರಾಮ ಪಂಚಾಯಿತಿಯನ್ನು ಎದುರಿಗಿಟ್ಟುಕೊಂಡು ನೋಡಬಹುದು. ಸಭೆ ನಡೆಯುವುದು ಸಮುದಾಯ ಭವನದಲ್ಲಿ. ವೇದಿಕೆಯತ್ತ ಒಂದು ಹ್ಯಾಂಡಿಕ್ಯಾಮ್. ಅದರ ಎಚ್‌ಡಿಎಂಐ ತಂತಿಯು ಬೆರಳುದ್ದದ ಒಂದು ಕ್ಯಾಪ್ಚರ್ ಸಾಧನದ ಮೂಲಕ ಲ್ಯಾಪ್‌ಟಾಪಿಗೆ ಸೇರಿದೆ. ಸಭಿಕರತ್ತ ಒಂದು ವೆಬ್‌ಕ್ಯಾಮ್. ಪಟ್ಟಿಗಳನ್ನು ತೋರಿಸಲು ಮೇಜಿನ ಮೇಲೆ ಇನ್ನೊಂದು ವೆಬ್‌ಕ್ಯಾಮ್. ಲ್ಯಾಪ್‌ಟಾಪಿನಲ್ಲಿ ಸಾಕಷ್ಟು ಕಿಂಡಿಗಳಿಲ್ಲದ ಕಾರಣ ನಾಲ್ಕು ಕಿಂಡಿಗಳ ಒಂದು ಯುಎಸ್‌ಬಿ ಹಬ್ ತರಲಾಗಿದೆ. ಪ್ರಸಾರಕ್ಕೆ ಒಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶವಿದೆ. ಡೇಟಾ ಎಂಟ್ರಿ ಆಪರೇಟರ್ ಎಲ್ಲವನ್ನೂ ಜೋಡಿಸಿದ್ದಾರೆ. ಮೊದಲ ಎರಡು ಕ್ಯಾಮೆರಾ ಬರುತ್ತವೆ. ಮೂರನೆಯದನ್ನು ಸೇರಿಸಿದರೆ ಕಪ್ಪು ಪರದೆ. ಅದನ್ನು ಬಿಟ್ಟು ಪ್ರಸಾರ ಆರಂಭಿಸಿದರೆ ನಲವತ್ತು ನಿಮಿಷಗಳ ನಂತರ ಚಿತ್ರ ತಡವರಿಸತೊಡಗುತ್ತದೆ. ಜನರು ಪೂರ್ಣವಾಗಿ ಸೇರಿದ ಮೇಲೆ, ಪರದೆಯಲ್ಲಿ ಎಲ್ಲವೂ ಸರಿ ಕಂಡರೂ, ಹೊರಗೆ ನೋಡುವವರು ಚಿತ್ರ ನಿಂತಿದೆ ಎಂದು ದೂರವಾಣಿ ಮಾಡುತ್ತಾರೆ.

ಇಲ್ಲಿ ಇರುವುದು ಒಂದು ದೋಷವಲ್ಲ, ಮೂರು. ಮೂರೂ ಬೇರೆ ಬೇರೆ ಜಾಗಗಳಲ್ಲಿವೆ.

ಮೊದಲನೆಯದು ಯುಎಸ್‌ಬಿ ದಾರಿಯ ಅಗಲ. ಇದಕ್ಕೆ ಸ್ವಲ್ಪ ಲೆಕ್ಕ ಅಗತ್ಯ. ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಲಾಗಿ 1920, ಲಂಬವಾಗಿ 1080, ಒಟ್ಟು 20,73,600 ಬಿಂದುಗಳಿರುತ್ತವೆ. ವೆಬ್‌ಕ್ಯಾಮ್‌ಗಳು ಸಂಕುಚಿಸದೆ ಕಳುಹಿಸುವಾಗ ಸಾಮಾನ್ಯವಾಗಿ ಬಿಂದುವೊಂದಕ್ಕೆ 16 ಬಿಟ್ ಬಳಸುತ್ತವೆ. ಸೆಕೆಂಡಿಗೆ 30 ಚಿತ್ರಗಳಾದರೆ ಸುಮಾರು 99.5 ಕೋಟಿ ಬಿಟ್, ಅಂದರೆ 995 ಮೆಗಾಬಿಟ್. ಯುಎಸ್‌ಬಿ 2.0 ದಾರಿಯ ಕಾಗದದ ಮೇಲಿನ ವೇಗವೇ 480 ಮೆಗಾಬಿಟ್. ಅರ್ಥಾತ್ ಒಂದೇ ಒಂದು ಪೂರ್ಣ ಎಚ್‌ಡಿ ಕ್ಯಾಮೆರಾ ಕೂಡ ಸಂಕುಚಿಸದೆ ಈ ದಾರಿಯಲ್ಲಿ ಹಾದುಹೋಗಲಾರದು. ಆದುದರಿಂದಲೇ ಕ್ಯಾಮೆರಾಗಳು ಎಂಜೆಪೆಗ್ ಎಂಬ ರೂಪದಲ್ಲಿ ಪ್ರತಿ ಚಿತ್ರವನ್ನೂ ತಮ್ಮೊಳಗೇ ಕುಗ್ಗಿಸಿ ಕಳುಹಿಸುತ್ತವೆ. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಈ ರೂಪವನ್ನು ಆಯ್ಕೆ ಮಾಡದಿದ್ದರೆ ಕೆಲವು ಕ್ಯಾಮೆರಾಗಳು ಸಂಕುಚಿಸದ ರೂಪಕ್ಕೆ ಜಾರಿ, ಸೆಕೆಂಡಿಗೆ ಐದೋ ಹತ್ತೋ ಚಿತ್ರಗಳನ್ನು ಮಾತ್ರ ಕೊಡುತ್ತವೆ. ಕ್ಯಾಮೆರಾ ಕೆಟ್ಟಿದೆ ಎಂದು ಮೂಲೆಗೆ ಸೇರುವ ವೆಬ್‌ಕ್ಯಾಮ್‌ಗಳಲ್ಲಿ ಇಂಥವೂ ಇರುತ್ತವೆ.

ಕುಗ್ಗಿಸಿದ ಮೇಲೆಯೂ ಮೂರನೆಯ ಕ್ಯಾಮೆರಾ ಏಕೆ ಕಪ್ಪಾಗುತ್ತದೆ? ಯುಎಸ್‌ಬಿಯಲ್ಲಿ ನೇರ ಚಿತ್ರಕ್ಕೆ ಮುಂಗಡ ಕಾಯ್ದಿರಿಸುವಿಕೆಯ ನಿಯಮವಿದೆ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಆಸನ ಕಾಯ್ದಿರಿಸಿದವರು ಬಾರದಿದ್ದರೂ ಆಸನವು ಅವರದೇ ಆಗಿರುವಂತೆ, ಕ್ಯಾಮೆರಾ ಆರಂಭವಾಗುವಾಗ ತನಗೆ ಬೇಕಾಗಬಹುದಾದ ಗರಿಷ್ಠ ಪಾಲನ್ನು ಕಾಯ್ದಿರಿಸಿಕೊಳ್ಳುತ್ತದೆ. ಅಷ್ಟನ್ನೂ ಬಳಸುವುದೇ ಎಂಬುದು ಬೇರೆ ವಿಷಯ. ಯುಎಸ್‌ಬಿ 2.0ರಲ್ಲಿ ಇಂಥ ಕಾಯ್ದಿರಿಸುವಿಕೆಗೆ ದೊರೆಯುವುದು ಹೆಚ್ಚೆಂದರೆ ಶೇಕಡ 80ರಷ್ಟು ಅವಧಿ. ಒಂದೇ ಕ್ಯಾಮೆರಾ 196 ಮೆಗಾಬಿಟ್‌ವರೆಗೂ ಕೇಳಬಲ್ಲದು. ಎರಡು ಕ್ಯಾಮೆರಾ ಹಾಗೆ ಕೇಳಿದರೆ ಬಸ್ಸು ತುಂಬಿತು. ಮೂರನೆಯದಕ್ಕೆ ಆಸನವಿಲ್ಲ, ಅದು ಆರಂಭವೇ ಆಗುವುದಿಲ್ಲ. ಎಷ್ಟು ಒಳ್ಳೆಯ ಕ್ಯಾಮೆರಾ ತಂದರೂ ಮೂರನೆಯದಾಗಿ ಬಂದದ್ದು ಕಪ್ಪೇ.

ಹಬ್ ಎಂಬುದು ಕಿಂಡಿಗಳನ್ನು ಹೆಚ್ಚಿಸುತ್ತದೆಯೇ ಹೊರತು ದಾರಿಯನ್ನು ಅಗಲ ಮಾಡುವುದಿಲ್ಲ. ಒಂದೇ ಕೊಳವೆಗೆ ನಾಲ್ಕು ನಲ್ಲಿ ಕೂರಿಸಿದಂತೆ. ಇನ್ನೂ ಒಂದು ಸೂಕ್ಷ್ಮವಿದೆ: ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ಯುಎಸ್‌ಬಿ 2.0 ಕ್ಯಾಮೆರಾವನ್ನು ಸಿಕ್ಕಿಸಿದರೆ ಅದು ಹಳೆಯ 480 ಮೆಗಾಬಿಟ್ ದಾರಿಯಲ್ಲಿಯೇ ಸಾಗುತ್ತದೆ. ಪೆಟ್ಟಿಗೆಯ ಮೇಲೆ ‘4ಕೆ’ ಎಂದು ದೊಡ್ಡದಾಗಿ ಮುದ್ರಿಸಿರುವ ಅಗ್ಗದ ಕ್ಯಾಪ್ಚರ್ ಸಾಧನಗಳಲ್ಲಿ ಬಹುಪಾಲು ಒಳಗೆ ಯುಎಸ್‌ಬಿ 2.0 ಆಗಿರುತ್ತವೆ, ಅವು 4ಕೆ ಚಿತ್ರವನ್ನು ಸ್ವೀಕರಿಸುತ್ತವೆ ನಿಜ, ಲ್ಯಾಪ್‌ಟಾಪಿಗೆ ಕೊಡುವುದು ಕುಗ್ಗಿಸಿದ ಪೂರ್ಣ ಎಚ್‌ಡಿ ಮಾತ್ರ. ಮುದ್ರಿತ ಅಕ್ಷರದಲ್ಲಿ ಸುಳ್ಳಿಲ್ಲ, ಓದುವವರ ಗ್ರಹಿಕೆಯಲ್ಲಿ ಮೋಸವಿದೆ.

ಪತ್ತೆ ಮಾಡುವ ಬಗೆ ಸರಳ. ಕಪ್ಪಾದ ಕ್ಯಾಮೆರಾವನ್ನು ಒಂಟಿಯಾಗಿ ಸಿಕ್ಕಿಸಿ ನೋಡಬೇಕು. ಬಂದರೆ ಕ್ಯಾಮೆರಾ ಸರಿಯಿದೆ, ದಾರಿ ಸಾಲದು ಎಂದು ತಿಳಿಯಬೇಕು. ನಂತರ ಜಾಗಗಳನ್ನು ಅದಲುಬದಲು ಮಾಡಿ, ಕೊನೆಗೆ ಸಿಕ್ಕಿಸಿದ್ದು ಯಾವುದಾದರೂ ಅದೇ ಕಪ್ಪಾಗುತ್ತಿದ್ದರೆ ಸಂಶಯವೇ ಉಳಿಯುವುದಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಸಂಪರ್ಕದ ಕ್ರಮದಂತೆ ನೋಡುವ ಆಯ್ಕೆಯಿದ್ದು, ಯಾವ ಕ್ಯಾಮೆರಾಗಳು ಒಂದೇ ನಿಯಂತ್ರಕದ ಕೆಳಗೆ ಕುಳಿತಿವೆ ಎಂಬುದು ಅಲ್ಲಿ ಕಾಣುತ್ತದೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಡ ಮತ್ತು ಬಲ ಬದಿಯ ಕಿಂಡಿಗಳೆರಡೂ ಒಂದೇ ನಿಯಂತ್ರಕಕ್ಕೆ ಸೇರಿರುತ್ತವೆ. ಹೊರಗಿನಿಂದ ಎರಡು ಬಾಗಿಲು, ಒಳಗೆ ಒಂದೇ ಓಣಿ.

ಪರಿಹಾರಕ್ಕೆ ಬಂದರೆ, ಖರೀದಿಯು ಕೊನೆಯ ಹೆಜ್ಜೆಯಾಗಿರಲಿ. ವೆಬ್‌ಕ್ಯಾಮ್‌ಗಳನ್ನು ಎಂಜೆಪೆಗ್ ರೂಪಕ್ಕೆ, 1280×720 ಅಳತೆಗೆ ಇಳಿಸಬಹುದು. ಮೊಬೈಲಿನಲ್ಲಿ ನೋಡುವವರಿಗೆ ಇದರಿಂದ ನಷ್ಟವೇನೂ ಆಗದು. ಹ್ಯಾಂಡಿಕ್ಯಾಮ್‌ನ ಕ್ಯಾಪ್ಚರ್ ಸಾಧನವನ್ನು ನಿಜವಾದ ಯುಎಸ್‌ಬಿ 3 ಸಾಧನವಾಗಿ ಬದಲಿಸಿ ನೇರವಾಗಿ ನೀಲಿ ಕಿಂಡಿಗೆ ಕೊಟ್ಟರೆ ಅದು ಬೇರೆ ದಾರಿಯಲ್ಲಿ, 5000 ಮೆಗಾಬಿಟ್‌ನ ದಾರಿಯಲ್ಲಿ ಸಾಗುತ್ತದೆ. ಇನ್ನು ಮೂರನೆಯ ಕ್ಯಾಮೆರಾ. ಪಟ್ಟಿಯು ಪಂಚಾಯಿತಿಯ ಗಣಕಯಂತ್ರದಲ್ಲಿಯೇ ಸಿದ್ಧವಾದದ್ದು. ಅದನ್ನು ಮುದ್ರಿಸಿ, ಮೇಜಿನ ಮೇಲಿಟ್ಟು, ಕ್ಯಾಮೆರಾದಿಂದ ಮತ್ತೆ ಗಣಕಯಂತ್ರಕ್ಕೆ ತರುವ ಬದಲು, ಅದೇ ಕಡತವನ್ನು ತಂತ್ರಾಂಶದೊಳಗೆ ಚಿತ್ರವಾಗಿ ಸೇರಿಸಿದರೆ ಸಾಕು. ಅಕ್ಷರಗಳು ಹೆಚ್ಚು ಸ್ಪಷ್ಟವಾಗಿರುತ್ತವೆ, ಒಂದು ಕ್ಯಾಮೆರಾ ಉಳಿಯುತ್ತದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆಗಳ ಅಂಕಣಗಳನ್ನು ಮೊದಲೇ ತೆಗೆದುಹಾಕಲೂ ಅವಕಾಶ ದೊರೆಯುತ್ತದೆ. ಮೇಜಿನ ಮೇಲಿನ ಕಾಗದವನ್ನು ನೇರವಾಗಿ ತೋರಿಸುವಾಗ ಈ ಎಚ್ಚರಿಕೆ ತಪ್ಪಿಹೋಗುವ ಸಂಭವ ಹೆಚ್ಚು.

ನಾಲ್ಕು ಕ್ಯಾಮೆರಾಗಳು ಬೇಕೇ ಬೇಕೆನ್ನುವ ದೊಡ್ಡ ಪಂಚಾಯಿತಿಗಳಿಗೆ ವಿಡಿಯೋ ಸ್ವಿಚರ್ ಎಂಬ ಪೆಟ್ಟಿಗೆಯು ಸೂಕ್ತ. ಮದುವೆ, ಜಾತ್ರೆಗಳ ಚಿತ್ರೀಕರಣ ಮಾಡುವವರ ಬಳಿ ಇದು ಬಾಡಿಗೆಗೆ ಸಿಗುತ್ತದೆ. ಕ್ಯಾಮೆರಾಗಳೆಲ್ಲವೂ ಪೆಟ್ಟಿಗೆಗೆ ಬರುತ್ತವೆ, ಆಯ್ಕೆ ಅಲ್ಲಿಯೇ ಆಗುತ್ತದೆ, ಲ್ಯಾಪ್‌ಟಾಪಿಗೆ ಒಂದೇ ಚಿತ್ರ ಹೋಗುತ್ತದೆ. ಲ್ಯಾಪ್‌ಟಾಪಿನ ಮಟ್ಟಿಗೆ ಅದು ಒಂದು ಕ್ಯಾಮೆರಾದ ಪ್ರಸಾರವೇ. ವರ್ಷಕ್ಕೆ ಕೆಲವೇ ದಿನ ಬಳಸುವ ವಸ್ತುವನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದು ಮೇಲು.

ಎರಡನೆಯ ದೋಷ, ನಲವತ್ತು ನಿಮಿಷಗಳ ನಂತರದ ತಡವರಿಕೆ. ಇಲ್ಲಿ ಒಬಿಎಸ್‌ನ ಅಂಕಿಅಂಶದ ಕಿಟಕಿಯು ಬಹಳ ನೆರವಿಗೆ ಬರುತ್ತದೆ. ಅದರಲ್ಲಿ ಮೂರು ಸಾಲುಗಳಿವೆ. ಚಿತ್ರಗಳನ್ನು ಜೋಡಿಸುವಲ್ಲಿ ತಪ್ಪಿಹೋದವು ಎಷ್ಟು, ಸಂಕುಚಿಸುವಲ್ಲಿ ಬಿಟ್ಟುಹೋದವು ಎಷ್ಟು, ಅಂತರ್ಜಾಲಕ್ಕೆ ಕಳುಹಿಸಲಾಗದೆ ಕೈಬಿಟ್ಟವು ಎಷ್ಟು ಎಂದು ಅವು ಬೇರೆಬೇರೆಯಾಗಿ ತೋರಿಸುತ್ತವೆ. ಮೊದಲ ಸಾಲಿನ ಅಂಕಿ ಏರಿದರೆ ಗ್ರಾಫಿಕ್ಸ್ ಭಾಗಕ್ಕೆ ಭಾರ, ಎರಡನೆಯದು ಏರಿದರೆ ಎನ್‌ಕೋಡರ್‌ಗೆ ಭಾರ, ಮೂರನೆಯದು ಏರಿದರೆ ಲ್ಯಾಪ್‌ಟಾಪ್ ನಿರಪರಾಧಿ, ಸಂಪರ್ಕವು ಸಾಲದು. ಮೂರೂ ಶೂನ್ಯವಾಗಿದ್ದು ಒಂದು ಕ್ಯಾಮೆರಾದ ಚಿತ್ರ ಮಾತ್ರ ನಿಂತಿದ್ದರೆ ದೋಷವು ಆ ಕ್ಯಾಮೆರಾದ ತಂತಿಯ ಬದಿಯಲ್ಲಿದೆ. ಹತ್ತು ಜನರು ಹತ್ತು ಊಹೆ ಮಾಡುವ ಬದಲು ಈ ಮೂರು ಅಂಕಿಗಳನ್ನು ಸಭೆಯ ಉದ್ದಕ್ಕೂ ಹದಿನೈದು ನಿಮಿಷಕ್ಕೊಮ್ಮೆ ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಆ ಹಾಳೆಯು ಮುಂದಿನ ಖರೀದಿಯ ಠರಾವಿಗೆ ಯಾವ ಕೊಟೇಶನ್‌ಗಿಂತಲೂ ಉತ್ತಮ ಆಧಾರ.

ಈ ಉದಾಹರಣೆಯಲ್ಲಿ ಏರಿದ್ದು ಎರಡನೆಯ ಸಾಲು, ಅದೂ ನಲವತ್ತು ನಿಮಿಷಗಳ ನಂತರ. ಮೊದಲಿಗೆ ಮಾಡಲು ಸಾಧ್ಯವಾದ ಕೆಲಸವು ಆಮೇಲೆ ಸಾಧ್ಯವಾಗದಿದ್ದರೆ ಕಾರಣವು ಸಾಮಾನ್ಯವಾಗಿ ಶಾಖ. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ, ಬಟ್ಟೆ ಹಾಸಿದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಅದರ ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಅಲಂಕಾರದ ಆ ಬಟ್ಟೆಯನ್ನು ತೆಗೆದು, ಎರಡು ಬದಿಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿ, ಒಂದು ಫ್ಯಾನನ್ನು ತಿರುಗಿಸಿದರೆ ಎಷ್ಟೋ ಸಮಸ್ಯೆ ಖರ್ಚಿಲ್ಲದೆ ತೀರುತ್ತದೆ. ವಿದ್ಯುತ್ ಹೋದಾಗ ತಡವರಿಕೆ ಆರಂಭವಾಗುವುದಾದರೆ ಅದು ಬೇರೆ ಸಂಗತಿ: ಬ್ಯಾಟರಿಯ ಮೇಲೆ ಓಡುವಾಗ ಅನೇಕ ಲ್ಯಾಪ್‌ಟಾಪ್‌ಗಳು ವೇಗ ಕಡಿಮೆ ಮಾಡುತ್ತವೆ. ಯುಪಿಎಸ್‌ಗೆ ಲ್ಯಾಪ್‌ಟಾಪಿನ ಚಾರ್ಜರನ್ನೂ ಅಂತರ್ಜಾಲದ ರೌಟರನ್ನೂ ಸೇರಿಸತಕ್ಕದ್ದು. ರೌಟರನ್ನು ಮರೆಯುವವರೇ ಹೆಚ್ಚು.

ಭಾರವನ್ನು ಕಡಿಮೆ ಮಾಡುವ ಬೇರೆ ಮಾರ್ಗಗಳೂ ಇವೆ. ಸಂಕುಚಿಸುವ ಕೆಲಸವನ್ನು ಮುಖ್ಯ ಪ್ರೊಸೆಸರ್‌ಗೆ ಬಿಡದೆ, ಅದಕ್ಕೆಂದೇ ಇರುವ ಭಾಗಕ್ಕೆ ವಹಿಸಬಹುದು. ಇಂಟೆಲ್ ಚಿಪ್‌ಗಳಲ್ಲಿ ಅದನ್ನು ಕ್ವಿಕ್ ಸಿಂಕ್ ಎಂದೂ, ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಎನ್‌ವೆಂಕ್ ಎಂದೂ ಕರೆಯುತ್ತಾರೆ. ಪಂಚಾಯಿತಿಯ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲಿಯೂ ಕ್ವಿಕ್ ಸಿಂಕ್ ಇರುವುದು ಸಾಮಾನ್ಯ, ಬಳಸುವುದು ಅಪರೂಪ. ಜೋಡಣೆಯ ಅಳತೆಯನ್ನೂ ಹೊರಹೋಗುವ ಅಳತೆಯನ್ನೂ 1280×720ಕ್ಕೆ ಸಮನಾಗಿಸಿದರೆ ಯಂತ್ರವು ದೊಡ್ಡದನ್ನು ಚಿಕ್ಕದಾಗಿಸುವ ವ್ಯರ್ಥ ಶ್ರಮದಿಂದ ಪಾರಾಗುತ್ತದೆ. ಮೆಮೊರಿಯು ಒಂದೇ ಪಟ್ಟಿಯಾಗಿದ್ದು ಇನ್ನೊಂದಕ್ಕೆ ಜಾಗ ಖಾಲಿಯಿದ್ದರೆ, ಅದೇ ಅಳತೆಯ ಎರಡನೆಯದನ್ನು ಹಾಕಿಸುವುದರಿಂದ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಗಮನಾರ್ಹ ಚೇತರಿಕೆ ಬರುತ್ತದೆ. ಹೊಸ ಲ್ಯಾಪ್‌ಟಾಪಿನ ಬೆಲೆಗೆ ಹೋಲಿಸಿದರೆ ಇದರ ವೆಚ್ಚ ಅತ್ಯಲ್ಪ.

ಇಲ್ಲಿಯೇ ಪೂರ್ವಾಭ್ಯಾಸದ ವಿಷಯವನ್ನೂ ಹೇಳಬೇಕು. ಸಭೆಯ ಹಿಂದಿನ ಸಂಜೆ ಐದು ನಿಮಿಷ ಪರೀಕ್ಷಿಸಿ ‘ಎಲ್ಲ ಸರಿಯಿದೆ’ ಎನ್ನುವುದು ರೂಢಿ. ಐದು ನಿಮಿಷದಲ್ಲಿ ಶಾಖವು ಕಾಣಿಸಿಕೊಳ್ಳುವುದೇ ಇಲ್ಲ. ಸಭೆಯು ಮೂರು ಗಂಟೆ ನಡೆಯುವುದಾದರೆ ಪೂರ್ವಾಭ್ಯಾಸವು ಕನಿಷ್ಠ ಎರಡು ಗಂಟೆ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಎಲ್ಲ ಕ್ಯಾಮೆರಾಗಳೊಂದಿಗೆ ನಡೆಯತಕ್ಕದ್ದು. ಹೊಸದಾಗಿ ಯೂಟ್ಯೂಬ್ ಚಾನೆಲ್ ತೆರೆದಿರುವ ಪಂಚಾಯಿತಿಗಳು ನೇರ ಪ್ರಸಾರದ ಅನುಮತಿಗೆ 24 ಗಂಟೆಗಳವರೆಗೆ ಕಾಯಬೇಕಾಗುತ್ತದೆ ಎಂಬುದನ್ನೂ ಗಮನಿಸಬೇಕು. ಸಭೆಯ ದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಆಗದು.

ಮೂರನೆಯ ದೋಷವು ಸಂಪರ್ಕದ್ದು. ಭಾರತ್‌ನೆಟ್ ಯೋಜನೆಯಡಿ ಬಂದಿರುವ ಆಪ್ಟಿಕಲ್ ಫೈಬರ್ ಪಂಚಾಯಿತಿ ಕಚೇರಿಗೆ ತಲುಪಿದ್ದರೂ ಗ್ರಾಮ ಸಭೆ ನಡೆಯುವುದು ಸಮುದಾಯ ಭವನದಲ್ಲೋ ಶಾಲೆಯ ಆವರಣದಲ್ಲೋ. ನಡುವಿನ ಅಂತರವನ್ನು ಮೊಬೈಲಿನ ಹಾಟ್‌ಸ್ಪಾಟ್‌ನಿಂದ ತುಂಬಲಾಗುತ್ತದೆ. ಖಾಲಿ ಭವನದಲ್ಲಿ ಪರೀಕ್ಷಿಸಿದಾಗ ವೇಗ ಚೆನ್ನಾಗಿಯೇ ಇರುತ್ತದೆ. ಸಭೆಗೆ ಮುನ್ನೂರು ಜನ ಸೇರಿದಾಗ ಮುನ್ನೂರು ಮೊಬೈಲ್‌ಗಳೂ ಅದೇ ಟವರಿನ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಇದೇ ಪ್ರಸಾರವನ್ನು ಅಲ್ಲಿಯೇ ಕುಳಿತು ನೋಡುತ್ತಿರುತ್ತವೆ! ಪ್ರಸಾರಕ್ಕೆ ಬೇಕಾದದ್ದು ಮೇಲ್ಮುಖ ವೇಗ. ವೇಗ ಪರೀಕ್ಷೆಯಲ್ಲಿ ದೊಡ್ಡದಾಗಿ ಕಾಣುವ ಕೆಳಮುಖ ವೇಗದಿಂದ ಇಲ್ಲಿ ಉಪಯೋಗವಿಲ್ಲ. 1280×720 ಅಳತೆಯ ಪ್ರಸಾರಕ್ಕೆ ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ಇಟ್ಟುಕೊಂಡರೆ, ಜನರು ಸೇರಿದ ಹೊತ್ತಿನಲ್ಲಿಯೂ 6 ಮೆಗಾಬಿಟ್ ಮೇಲ್ಮುಖ ವೇಗ ಸ್ಥಿರವಾಗಿ ದೊರೆಯುವಂತಿರಬೇಕು.

ಇನ್ನೊಂದು ಲೆಕ್ಕವಿದೆ. ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಮೂರು ಗಂಟೆಗೆ ಸುಮಾರು 4 ಜಿಬಿ ಡೇಟಾ ವೆಚ್ಚವಾಗುತ್ತದೆ. ದಿನಕ್ಕೆ 2 ಜಿಬಿ ಕೊಡುವ ಸಾಮಾನ್ಯ ಮೊಬೈಲ್ ಪ್ಯಾಕ್ ಒಂದೂವರೆ ಗಂಟೆಗೆ ಮುಗಿದುಹೋಗುತ್ತದೆ. ಅನಂತರ ಹಲವು ಪ್ಯಾಕ್‌ಗಳಲ್ಲಿ ವೇಗವು 64 ಕಿಲೋಬಿಟ್‌ಗೆ ಇಳಿಯುತ್ತದೆ. ಸಭೆಯ ಮೊದಲ ಒಂದೂವರೆ ಗಂಟೆ ಸ್ವಾಗತ, ವರದಿ ವಾಚನ, ಇಲಾಖಾ ಅಧಿಕಾರಿಗಳ ಮಾಹಿತಿಯಲ್ಲಿ ಕಳೆಯುತ್ತದೆ. ಪಟ್ಟಿ ಓದುವ ಹೊತ್ತಿಗೆ ಸರಿಯಾಗಿ ಡೇಟಾ ತೀರುತ್ತದೆ. ಸಂಶಯಪಡುವ ಜನರನ್ನು ದೂರುವಂತಿಲ್ಲ. ಹೊರಗಿನಿಂದ ನೋಡಿದರೆ ಅದು ಬೇಕೆಂದೇ ಮಾಡಿದಂತೆಯೇ ತೋರುತ್ತದೆ.

ಕಚೇರಿಯಿಂದ ಭವನವು 100 ಮೀಟರ್ ಒಳಗಿದ್ದರೆ ಒಂದು ಎತರ್ನೆಟ್ ತಂತಿಯನ್ನು ಎಳೆಯುವುದು ಎಲ್ಲಕ್ಕಿಂತ ಭದ್ರವಾದ ಮಾರ್ಗ. ತಂತಿಗಳ ಉದ್ದದ ಮಿತಿಯನ್ನು ಸದಸ್ಯರು ಸಾಮಾನ್ಯ ಜ್ಞಾನವಾಗಿ ಇಟ್ಟುಕೊಳ್ಳುವುದು ಒಳಿತು. ಯುಎಸ್‌ಬಿ 2.0 ತಂತಿ 5 ಮೀಟರ್, ಯುಎಸ್‌ಬಿ 3 ತಂತಿ ಸುಮಾರು 3 ಮೀಟರ್, ಸಾಧಾರಣ ಎಚ್‌ಡಿಎಂಐ ತಂತಿ ಪೂರ್ಣ ಎಚ್‌ಡಿ ಚಿತ್ರಕ್ಕೆ 10ರಿಂದ 15 ಮೀಟರ್. ಶಾಮಿಯಾನದ ಹಿಂಬದಿಯಿಂದ ವೇದಿಕೆಗೆ ಇದಕ್ಕಿಂತ ಹೆಚ್ಚು ದೂರವಿರುತ್ತದೆ. ತಂತಿಗೆ ತಂತಿ ಜೋಡಿಸಿ ಉದ್ದ ಮಾಡಿದಾಗ ಚಿತ್ರವು ಬಂದು ಹೋಗಿ ಮಾಡುತ್ತದೆ. ಜನರು ಓಡಾಡುವಾಗ ಕಾಲಿಗೆ ತಾಗಿದ ಕ್ಷಣವೇ ಹೋಗುತ್ತದೆ. ಲ್ಯಾಪ್‌ಟಾಪನ್ನು ಕ್ಯಾಮೆರಾಗಳ ನಡುವೆ ಇರಿಸುವುದು ಒಂದು ಉಪಾಯ. ದೂರವೇ ಅನಿವಾರ್ಯವಾದರೆ, ಸಿಸಿ ಟಿವಿಗೆ ಬಳಸುವ ಐಪಿ ಕ್ಯಾಮೆರಾವನ್ನು ಎತರ್ನೆಟ್ ತಂತಿಯಲ್ಲಿ 100 ಮೀಟರ್ ದೂರದವರೆಗೂ ಇರಿಸಬಹುದು. ಅದು ಚಿತ್ರವನ್ನು ಕೆಲವೇ ಮೆಗಾಬಿಟ್‌ಗಳಿಗೆ ಕುಗ್ಗಿಸಿ ಕಳುಹಿಸುವುದರಿಂದ ಯುಎಸ್‌ಬಿ ದಾರಿಯ ಗೊಡವೆಯೂ ಇಲ್ಲ. ಆದರೆ ಅದರ ಚಿತ್ರವು ಒಂದೆರಡು ಸೆಕೆಂಡ್ ತಡವಾಗಿ ಬರುತ್ತದೆ; ಸಭಿಕರ ದೂರದ ನೋಟಕ್ಕೆ ಅದು ಸಾಕು, ಮಾತನಾಡುವವರ ಮುಖಕ್ಕೆ ಸಲ್ಲದು.

ಧ್ವನಿಯ ವಿಷಯವು ಚಿತ್ರಕ್ಕಿಂತ ಮುಖ್ಯ. ಚಿತ್ರ ತಡವರಿಸಿದರೆ ಜನರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಪ್ರಸಾರವೇ ವ್ಯರ್ಥ. ಒಂದೊಂದು ಕ್ಯಾಮೆರಾದ ಮೈಕಿನಿಂದಲೂ ಧ್ವನಿ ತೆಗೆದುಕೊಂಡರೆ ಒಂದೇ ಮಾತು ಮೂರು ಬಾರಿ ಪ್ರತಿಧ್ವನಿಸುತ್ತದೆ. ಮೈಕ್ ಸೆಟ್ಟಿನವರ ಮಿಕ್ಸರ್‌ನಿಂದ ಒಂದೇ ತಂತಿಯಲ್ಲಿ ಧ್ವನಿ ಪಡೆದು ಉಳಿದೆಲ್ಲವನ್ನೂ ಮುಚ್ಚತಕ್ಕದ್ದು. ಧ್ವನಿಯು ತುಟಿಯ ಚಲನೆಗಿಂತ ಮುಂದೆ ಬರುವುದು ಸಾಮಾನ್ಯ, ಏಕೆಂದರೆ ಚಿತ್ರಕ್ಕೆ ದಾರಿಯಲ್ಲಿ ತಡವಾಗುತ್ತದೆ. ತಂತ್ರಾಂಶದಲ್ಲಿ ಧ್ವನಿಯನ್ನು ಅಷ್ಟು ಮಿಲಿಸೆಕೆಂಡ್ ಹಿಂದಕ್ಕೆ ಸರಿಸುವ ಅವಕಾಶವಿದೆ. ಸಭಿಕರಿಗೆ ಪ್ರತ್ಯೇಕ ಮೈಕ್ ಇಲ್ಲದ ಕಡೆ ಎರಡನೆಯ ಕ್ಯಾಮೆರಾ ಇಟ್ಟು ಪ್ರಯೋಜನವಿಲ್ಲ. ಆ ಹಣದಲ್ಲಿ ಮೊದಲು ಒಂದು ಕಾರ್ಡ್‌ಲೆಸ್ ಮೈಕ್ ಬರಲಿ.

ಎಷ್ಟೇ ಎಚ್ಚರ ವಹಿಸಿದರೂ ಪ್ರಸಾರವು ಎಂದಾದರೊಮ್ಮೆ ಕಡಿಯುತ್ತದೆ. ಆದುದರಿಂದ ಪ್ರಸಾರದ ಜೊತೆಯಲ್ಲಿಯೇ ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲಿ ಪೂರ್ಣ ಸಭೆಯು ದಾಖಲಾಗುತ್ತಿರಬೇಕು. ಪ್ರಸಾರಕ್ಕೆ ಸಿದ್ಧವಾದ ಅದೇ ಸಂಕುಚಿತ ಚಿತ್ರವನ್ನು ದಾಖಲಿಸಿದರೆ ಯಂತ್ರಕ್ಕೆ ಎರಡನೆಯ ಭಾರ ಬೀಳುವುದಿಲ್ಲ. ಸಾಮಾನ್ಯ ಎಂಪಿ4 ಕಡತವು ಮಧ್ಯದಲ್ಲಿ ವಿದ್ಯುತ್ ಹೋದರೆ ತೆರೆಯಲಾಗದಂತೆ ಕೆಡುತ್ತದೆ. ಎಂಕೆವಿ ರೂಪದಲ್ಲಿ ದಾಖಲಿಸಿದರೆ ಆ ಕ್ಷಣದವರೆಗಿನದು ಉಳಿಯುತ್ತದೆ. ಪೆನ್‌ಡ್ರೈವ್‌ಗೆ ನೇರವಾಗಿ ದಾಖಲಿಸುವುದು ಬೇಡ. ಹಳೆಯ ಫ್ಯಾಟ್32 ವಿಧಾನದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ನಲ್ಲಿ ಒಂದು ಕಡತವು 4 ಜಿಬಿ ಮೀರುವಂತಿಲ್ಲ, ಮೂರು ಗಂಟೆಯ ಸಭೆ ಸರಿಯಾಗಿ ಆ ಅಂಚಿಗೆ ಬಂದು ನಿಲ್ಲುತ್ತದೆ.

ಖರೀದಿಯೇ ಅಗತ್ಯವೆಂದು ಅಳತೆಯ ಹಾಳೆಯಿಂದ ಸಿದ್ಧವಾದಾಗ, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಚೌಕಟ್ಟಿನಲ್ಲಿ ವಿವರಣಪಟ್ಟಿ ಸಿದ್ಧಪಡಿಸುವಾಗ ‘ಉತ್ತಮ ಗುಣಮಟ್ಟದ ಎಚ್‌ಡಿ ಕ್ಯಾಮೆರಾ 3’ ಎಂಬಂಥ ಬರಹವನ್ನು ಸದಸ್ಯರು ಒಪ್ಪಬಾರದು. ಮೂರು ಕ್ಯಾಮೆರಾಗಳು ಪಂಚಾಯಿತಿಯ ಇದೇ ಲ್ಯಾಪ್‌ಟಾಪಿನಲ್ಲಿ ಏಕಕಾಲಕ್ಕೆ, 1280×720 ಅಳತೆಯಲ್ಲಿ, ಎರಡು ಗಂಟೆಗಳ ಕಾಲ ಅಡೆತಡೆಯಿಲ್ಲದೆ ನಡೆಯುವುದನ್ನು ಸರಬರಾಜುದಾರರು ಸಭಾಭವನದಲ್ಲಿ ತೋರಿಸಿದ ನಂತರವೇ ಹಣ ಪಾವತಿ ಎಂದು ಬರೆಯಿಸಬೇಕು. ಕ್ಯಾಪ್ಚರ್ ಸಾಧನವು ಯುಎಸ್‌ಬಿ 3 ಎಂದು ಸ್ಪಷ್ಟವಾಗಿ ನಮೂದಾಗಿರಬೇಕು. ಸ್ಥಿರಚಿತ್ರದ ಕ್ಯಾಮೆರಾಗಳನ್ನು ಕೊಡಲು ಬಂದರೆ, ಅವು ಎಷ್ಟು ಹೊತ್ತು ನಿರಂತರವಾಗಿ ಚಾಲನೆಯಲ್ಲಿರುತ್ತವೆ ಎಂದು ಕೇಳಬೇಕು. ಅವುಗಳಲ್ಲಿ ಅನೇಕವು ಅರ್ಧ ಗಂಟೆಗೆ ದಾಖಲೆ ನಿಲ್ಲಿಸುತ್ತವೆ, ಕೆಲವು ಬಿಸಿಯಾಗಿ ತಾವೇ ಆರಿಹೋಗುತ್ತವೆ.

ಪ್ರಸಾರ ಕಡಿದಾಗ ವೇದಿಕೆಯಲ್ಲಿರುವವರು ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಯಾವ ಯಂತ್ರವೂ ಬೇಡ. ಫಲಾನುಭವಿಗಳ ಪಟ್ಟಿಯಂಥ ವಿಷಯ ನಡೆಯುತ್ತಿದ್ದರೆ, ಪ್ರಸಾರ ನಿಂತಿರುವುದನ್ನು ಮೈಕಿನಲ್ಲಿ ಹೇಳಿ ಐದು ನಿಮಿಷ ಕಾಯಬಹುದು. ಮರಳಿ ಬಾರದಿದ್ದರೆ ಸಭೆಯನ್ನು ಮುಂದುವರಿಸತಕ್ಕದ್ದು. ಎದುರಿಗೆ ಬಂದು ಕುಳಿತವರ ಸಮಯಕ್ಕೂ ಬೆಲೆಯಿದೆ. ಪ್ರಸಾರ ನಿಂತ ವೇಳೆ, ಮರಳಿದ ವೇಳೆ, ಆ ನಡುವೆ ಚರ್ಚೆಯಾದ ವಿಷಯ, ಮೂರು ಅಂಕಿಗಳಲ್ಲಿ ಆಗ ಏರಿದ್ದು ಯಾವುದು ಎಂಬ ನಾಲ್ಕು ಸಂಗತಿಗಳನ್ನು ನಡಾವಳಿಯ ಕೊನೆಯಲ್ಲಿ ಬರೆಯಿಸಬೇಕು. ಲ್ಯಾಪ್‌ಟಾಪಿನಲ್ಲಿ ಉಳಿದಿರುವ ಪೂರ್ಣ ದಾಖಲೆಯನ್ನು, ಎಲ್ಲಿಯೂ ಕತ್ತರಿಸದೆ, ಅದೇ ದಿನ ಸಂಜೆ ಪಂಚಾಯಿತಿ ಕಚೇರಿಯ ಫೈಬರ್ ಸಂಪರ್ಕದಿಂದ ಅದೇ ಚಾನೆಲ್‌ಗೆ ಏರಿಸಬಹುದು. 4 ಜಿಬಿ ಕಡತವು 10 ಮೆಗಾಬಿಟ್ ಮೇಲ್ಮುಖ ವೇಗದಲ್ಲಿ ಒಂದು ಗಂಟೆಯೊಳಗೆ ಹೋಗುತ್ತದೆ.